ಬಾಣಂತಿ ಊಟಕ್ಕೆ ಬೋರ್ಡೋ

ಕ್ಯಾಂಪ್‌ಬೆಲ್
12 ಫೆಬ್ರವರಿ 2024

ಅಪ್ಪನಿಗೆ,

ಫೋನಿನಲ್ಲಿ ನಾನು ಬಾಯಿ ತೆರೆದರೆ ಇಂಗ್ಲಿಷ್ ಬರುತ್ತದೆ. ನೀವು ಫೋನನ್ನು ಅಮ್ಮನ ಕೈಗೆ ಕೊಡುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ. ಊರಲ್ಲಿ, ಕಾಪುವಿನ ಶಾಲೆಯಲ್ಲಿ ಐದನೆಯ ತರಗತಿಯವರೆಗೆ ಕಲಿತ ಕನ್ನಡವೇ ನನ್ನಲ್ಲಿರುವುದು. ಆಮೇಲೆ ನೀವು ನಮ್ಮನ್ನು ಅಮೆರಿಕದ ಹೇವರ್ಡ್‌ಗೆ ಕರೆತಂದಿರಿ, ಇಲ್ಲಿ ಕನ್ನಡ ಕಲಿಸುವವರು ಇರಲಿಲ್ಲ.

ಹೊಸ ವರ್ಷದ ದಿನ ನಾನು ವೈನಿನ ಪರೀಕ್ಷೆ ಪಾಸಾದೆ ಎಂದಾಗ ನೀವು ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ನಿನ್ನ ಅಜ್ಜ ಮರದಿಂದ ಇಳಿದದ್ದು ನೀನು ಬಾಟ್ಲಿ ಹಿಡಿಯಲಿಕ್ಕಾ?" ಅಜ್ಜ ತಾಳೆಮರ ಹತ್ತಿ ಕಳ್ಳು ಇಳಿಸುತ್ತಿದ್ದರು, ಒಂದು ದಿನ ಬಿಟ್ಟರು, ಆಮೇಲೆ ನಮ್ಮ ಮನೆಯಲ್ಲಿ ಯಾರೂ ಮುಟ್ಟಲಿಲ್ಲ ಎಂಬುದು ನನಗೂ ಗೊತ್ತು. ನೀವು ತುಳು ಸಂಘದವರ ಹತ್ತಿರ ನಾನು "ಹೋಟೆಲ್ ಲೈನಿನಲ್ಲಿ" ಇದ್ದೇನೆ ಎಂದಷ್ಟೇ ಹೇಳುತ್ತೀರಿ ಎಂಬುದೂ ಗೊತ್ತು.

ಒಂದು ಸುದ್ದಿ ಇದೆ. ನಮ್ಮ ರೆಸ್ಟೋರೆಂಟಿನ ಯಜಮಾನಿ ಗಾರ್ಗಿ ಅಕ್ಕ ನನಗೆ ಒಂದು ರಾತ್ರಿ ಕೊಟ್ಟಿದ್ದಾರೆ. ಜೂನ್ ಹತ್ತು, ಸೋಮವಾರ. ಬಾಳೆಲೆಯ ಮೇಲೆ ನಮ್ಮ ಊರಿನ ಊಟ, ಜೊತೆಗೆ ಫ್ರಾನ್ಸಿನ ಕೆಂಪು ವೈನು. ಯಾವುದಕ್ಕೆ ಯಾವುದು ಎಂದು ಆರಿಸುವವಳು ನಾನು. ಅದು ಗೆದ್ದರೆ ರೆಸ್ಟೋರೆಂಟಿನ ವೈನು ಪೂರ್ತಿ ನನ್ನ ಕೈಗೆ ಬರುತ್ತದೆ. ಸೋತರೆ ಅವರು ಸ್ಯಾನ್ ಫ್ರಾನ್ಸಿಸ್ಕೋದಿಂದ ಬೇರೆಯವರನ್ನು ತರುತ್ತಾರೆ. ಮೊದಲು ಕೋಳಿ ಗಸಿ ಸುರಿದ ಕೋರಿ ರೊಟ್ಟಿ ಇಡಬೇಕೆಂದಿದ್ದೇನೆ.

ನೀವು ಬರಬೇಕು. ಕುಡಿಯಬೇಕಾಗಿಲ್ಲ. ನಿಮ್ಮ ಮಗಳು ಏನು ಮಾಡುತ್ತಾಳೆ ಎಂದು ಒಮ್ಮೆ ಕುಳಿತು ನೋಡಬೇಕು. ನನಗೆ ಬೇಕಾದದ್ದು ಇಷ್ಟೇ.

ನಿಮ್ಮ ಮಗಳು,
ನಿಶ್ಮಿತಾ

—

ಹೇವರ್ಡ್
3 ಮಾರ್ಚ್ 2024

ನಿಶ್ಮಿತಾ,

ಪತ್ರ ಬಂತು. ಅಮ್ಮನ ಮೊಣಕಾಲು ನೋವು ಸ್ವಲ್ಪ ಕಡಿಮೆ ಉಂಟು. ಗೋದಾಮಿನಲ್ಲಿ ನನಗೆ ಹಗಲಿನ ಪಾಳಿ ಸಿಕ್ಕಿತು.

ನಾನು ಬರುವುದಿಲ್ಲ. ಆ ವಿಷಯ ಅಲ್ಲಿಗೆ ಮುಗಿಯಿತು.

ಆದರೆ ಕೋರಿ ರೊಟ್ಟಿಯನ್ನು ಮೊದಲು ಬಡಿಸುತ್ತೇನೆ ಎಂದು ಬರೆದಿದ್ದಿ. ಮೀನು ಎಲ್ಲಿ ಹೋಯಿತು? ನಮ್ಮ ಊಟ ಎಂದು ಹೆಸರು ಹೇಳಿ ಮೀನಿಲ್ಲದೆ ಎಲೆ ಹಾಕಿದರೆ ತಿಂದವರು ನಗುತ್ತಾರೆ. ನಿನ್ನನ್ನು ನೋಡಿ ಅಲ್ಲ, ಊರನ್ನು ನೋಡಿ.

ಜಯರಾಮ

ಮಗಾ, ಅಡಿಯಲ್ಲಿ ಜಾಗ ಉಳಿದಿತ್ತು, ನಾನು ಬರೆಯುತ್ತಿದ್ದೇನೆ. ಇವರು ಇಷ್ಟು ಬರೆಯಲಿಕ್ಕೆ ಎರಡು ಭಾನುವಾರ ತೆಗೆದುಕೊಂಡರು. ಮೀನಿನ ಸಾಲು ಮಾತ್ರ ಒಂದೇ ಉಸಿರಿಗೆ ಬರೆದರು. – ಅಮ್ಮ

—

ಕ್ಯಾಂಪ್‌ಬೆಲ್
18 ಮಾರ್ಚ್ 2024

ಅಪ್ಪನಿಗೆ,

ನಿನ್ನೆ ನಾವು ನಾವೇ ಕುಳಿತು ಮೊದಲ ಸಲ ಉಂಡು ನೋಡಿದೆವು. ಎಲ್ಲವೂ ಕೆಟ್ಟಿತು.

ಮೀನು ಏಕೆ ಇಟ್ಟಿರಲಿಲ್ಲ ಎಂದು ಮೊದಲು ಹೇಳುತ್ತೇನೆ. ಹುಳಿ-ಖಾರದ ಬಂಗುಡೆ ಪುಳಿಮುಂಚಿ ತಿಂದು ಕೆಂಪು ವೈನು ಕುಡಿದರೆ ಬಾಯಿಯಲ್ಲಿ ಕಬ್ಬಿಣದ ರುಚಿ ಬರುತ್ತದೆ. ತುಕ್ಕು ಹಿಡಿದ ಮೊಳೆ ನೆಕ್ಕಿದ ಹಾಗೆ. ಆದರೂ ನೀವು ಬರೆದಿರಿ ಎಂದು ಇಟ್ಟೆ. ಎಲ್ಲರೂ ಮುಖ ಕಿವುಚಿದರು.

ಅದಕ್ಕಿಂತ ದೊಡ್ಡ ತೊಂದರೆ ಬೋರ್ಡೋ. ಅದು ಫ್ರಾನ್ಸಿನ ಒಂದು ಊರು, ಅಲ್ಲಿಯ ವೈನಿಗೂ ಅದೇ ಹೆಸರು. ಗಾರ್ಗಿ ಅಕ್ಕ ಅದರ ಪೆಟ್ಟಿಗೆಗಳನ್ನು ಆಸೆಪಟ್ಟು ತರಿಸಿದ್ದಾರೆ, ಊಟದ ನಡುವೆ ಅದು ಇರಲೇಬೇಕು ಎನ್ನುತ್ತಾರೆ. ಅದರಲ್ಲಿ ಒಗರು ಬಹಳ. ಗೇರುಹಣ್ಣು ಕಚ್ಚಿದ ಹಾಗೆ ನಾಲಗೆಯನ್ನು ಹಿಡಿಯುತ್ತದೆ. ಖಾರದ ಗಸಿಯ ಮೇಲೆ ಅದನ್ನು ಕುಡಿದರೆ ಖಾರ ಎರಡು ಪಟ್ಟಾಗಿ ಏಳುತ್ತದೆ, ವೈನು ಕಷಾಯದಂತೆ ಕಹಿಯಾಗುತ್ತದೆ. ಸ್ಟೀಲಿನ ತಟ್ಟೆಯಲ್ಲಿ ಮೀನು, ಗಸಿ, ಸುಕ್ಕ, ಉಪ್ಪಿನಕಾಯಿ, ಮಜ್ಜಿಗೆ ಎಲ್ಲವನ್ನೂ ಸಣ್ಣ ಬಟ್ಟಲುಗಳಲ್ಲಿ ಒಮ್ಮೆಗೇ ಇಟ್ಟಿದ್ದೆ. ಯಾರು ಏನನ್ನು ತಿಂದು ಯಾವುದನ್ನು ಕುಡಿದರೋ ನನಗೇ ತಿಳಿಯಲಿಲ್ಲ.

ಗಾರ್ಗಿ ಅಕ್ಕ ನೀರಿನ ಜಗ್ಗು ಪೂರ್ತಿ ಖಾಲಿ ಮಾಡಿ ಹೇಳಿದರು, "ನಿಶ್ಮಿತಾ, ಇದು ಪೇರಿಂಗು ಅಲ್ಲಮ್ಮ, ಜೋಡಿನೇ ಕೂಡಿಲ್ಲ. ಇದು ಅತ್ತೆ-ಸೊಸೆ ಸೀರಿಯಲ್ಲು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಕಾರಿನಲ್ಲಿ ಕುಳಿತು ಸ್ವಲ್ಪ ಹೊತ್ತು ಸ್ಟಾರ್ಟ್ ಮಾಡಲಿಲ್ಲ.

ನಿಮ್ಮ ಮಗಳು,
ನಿಶ್ಮಿತಾ

—

ಹೇವರ್ಡ್
1 ಏಪ್ರಿಲ್ 2024

ನಿಶ್ಮಿತಾ,

ಎಲ್ಲವನ್ನೂ ಒಮ್ಮೆಗೇ ಬಡಿಸಲಿಕ್ಕೆ ನಿನಗೆ ಹೇಳಿದ್ದು ಯಾರು? ಬಟ್ಟಲಿನಲ್ಲಿ ಇಡುವುದು ಪೇಟೆಯ ಹೋಟೆಲಿನವರ ಅಭ್ಯಾಸ. ಅವರಿಗೆ ಬಡಿಸುವ ಜನ ಇಲ್ಲ, ಹಾಗಾಗಿ ಬಟ್ಟಲು. ಮದುವೆ ಮನೆಯಲ್ಲಿ ಹಾಗೆ ಮಾಡಿದರೆ ಎಲೆ ಬಿಟ್ಟು ಎದ್ದು ಹೋಗುತ್ತಾರೆ.

ನಾನು ಮಿಲ್ಪಿಟಾಸ್‌ನಲ್ಲಿ ಸಂಘದ ಊಟಕ್ಕೆ ಬಡಿಸುವುದನ್ನು ನೀನು ಸಣ್ಣದಿರುವಾಗಿನಿಂದ ನೋಡಿದ್ದಿ. ಪಂಕ್ತಿಯಲ್ಲಿ ಒಂದು ಬಂದು ಹೋದ ಮೇಲೆ ಇನ್ನೊಂದು ಬರಬೇಕು. ಮೀನು ಮೊದಲು, ಅದು ಮುಗಿದ ಮೇಲೆ ರೊಟ್ಟಿ. ರೊಟ್ಟಿ ಎಲೆಗೆ ಬಿದ್ದು, ಉಣ್ಣುವವನು ಅದನ್ನು ಮುರಿದ ಮೇಲೆ ಗಸಿ. ಅರ್ಧ ನೆನೆದು ಅರ್ಧ ಗರಿಗರಿ ಇರುವಾಗ ಬಾಯಿಗೆ ಹೋಗಬೇಕು. ಪೂರ್ತಿ ನೆನೆದರೆ ಅದು ರೊಟ್ಟಿ ಅಲ್ಲ, ಗಂಜಿ.

ಇನ್ನೊಂದು. ಬಡಿಸುವವನು ಉಣ್ಣುವವನ ಮುಖ ನೋಡಬಾರದು, ಮುಖ ನೋಡಿದರೆ ಎಲ್ಲರೂ ಸಾಕು ಎನ್ನುತ್ತಾರೆ. ಕೈ ನೋಡಬೇಕು. ಕೈ ನಿಧಾನವಾದರೆ ಆ ಪದಾರ್ಥದ ಕೆಲಸ ಮುಗಿಯಿತು, ಮುಂದಿನದು ಹೊರಡಬೇಕು.

ಮೀನಿನ ಜೊತೆ ಪುನರ್ಪುಳಿ ಹಣ್ಣಿನ ಶರಬತ್ತು ಕೊಡು. ಅದೂ ಕೆಂಪೇ.

ನಾನು ಊಟದ ವಿಷಯ ಮಾತ್ರ ಬರೆದಿದ್ದೇನೆ.

ಜಯರಾಮ

—

ಕ್ಯಾಂಪ್‌ಬೆಲ್
22 ಏಪ್ರಿಲ್ 2024

ಅಪ್ಪನಿಗೆ,

ಊಟದ ವಿಷಯ ಮಾತ್ರ ಬರೆದದ್ದಕ್ಕೆ ತುಂಬ ಉಪಕಾರವಾಯಿತು.

ಮಿಲ್ಪಿಟಾಸ್‌ನ ಅಂಗಡಿಯಿಂದ ಬಾಳೆಲೆ ತಂದೆ. ಮಂಜುಗಟ್ಟಿದ ಎಲೆ, ಬಿಸಿನೀರಿನಲ್ಲಿ ಇಟ್ಟರೆ ಬಿಚ್ಚಿಕೊಳ್ಳುತ್ತದೆ. ನೀವು ಹೇಳಿದ ಕ್ರಮದಲ್ಲಿ ಒಂದೊಂದೇ ಬಡಿಸಿದೆವು. ಮೊದಲು ಮೀನು, ಪುನರ್ಪುಳಿ. ಫ್ರೆಂಚ್ ವೈನಿನ ಊಟ ಶರಬತ್ತಿನಿಂದ ಶುರುವಾಗುವುದೇ ಎಂದು ಗಾರ್ಗಿ ಅಕ್ಕ ಹುಬ್ಬು ಏರಿಸಿದರು. ಕುಡಿದ ಮೇಲೆ ಇನ್ನೊಂದು ಲೋಟ ಕೇಳಿದರು.

ರೊಟ್ಟಿ ಮುರಿದ ಮೇಲೆ ಗಸಿ ಹಾಕಿದೆ. ಅದರ ಜೊತೆಗೆ ಬೊಜೊಲೆ. ಅದು ತೆಳು ವೈನು, ಒಗರು ಕಡಿಮೆ, ಕೆಂಪು ಹಣ್ಣಿನ ವಾಸನೆ. ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಕೊಟ್ಟೆ. ಗಸಿಗೆ ಖಾರದ ಮೆಣಸು ಬಿಟ್ಟು ಬ್ಯಾಡಗಿ ಮಾತ್ರ ಹಾಕಿ, ತೆಂಗಿನ ಹಾಲು ಹೆಚ್ಚು ಮಾಡಿದ್ದೆ. ಅಪ್ಪ, ಎರಡೂ ಜಗಳ ಆಡಲಿಲ್ಲ! ಆಮೇಲೆ ನೀರುದೋಸೆ, ತೆಂಗಿನತುರಿ ಹಾಕಿದ ಅಣಬೆ ಸುಕ್ಕ. ಅದಕ್ಕೆ ಬರ್ಗಂಡಿ. ಆ ವೈನಿಗೆ ಒದ್ದೆ ಮಣ್ಣಿನ ವಾಸನೆ ಇದೆ, ಅಣಬೆಗೂ ಇದೆ. ನಾನು ಕೈ ನೋಡುತ್ತಾ ನಿಂತಿದ್ದೆ. ಯಾರ ಕೈಯೂ ನಿಧಾನವಾಗಲೇ ಇಲ್ಲ.

ಬೋರ್ಡೋ ಮಾತ್ರ ಹಾಗೆಯೇ ಉಳಿದಿದೆ. ಅದಕ್ಕೆ ಬೇಕಾದದ್ದು ಜಿಡ್ಡಿರುವ ಮಾಂಸ, ಖಾರ ಇರಬಾರದು, ಹುಳಿಯೂ ಬಹಳ ಬೇಡ. ಜಿಡ್ಡು ಸಿಕ್ಕಿದರೆ ಅದರ ಒಗರು ತಾನಾಗಿ ಕರಗುತ್ತದೆ. ಫ್ರಾನ್ಸಿನವರು ಕುರಿಯ ತೊಡೆಯನ್ನು ಸುಟ್ಟು ತಿನ್ನುತ್ತಾರೆ. ಆದರೆ ಮೆಣಸಿಲ್ಲದ ಮಾಂಸ ನಮ್ಮಲ್ಲಿ ಎಲ್ಲಿದೆ? ನಾನು ತಲೆ ಕೆರೆದುಕೊಂಡದ್ದೇ ಬಂತು. ಮೇ ಇಪ್ಪತ್ತರೊಳಗೆ ಸಿಗದಿದ್ದರೆ ಬೋರ್ಡೋದ ಜೊತೆ ಫ್ರೆಂಚರದ್ದೇ ಅಡುಗೆ ಇಡೋಣ ಎಂದು ಗಾರ್ಗಿ ಅಕ್ಕ ಹೇಳಿದ್ದಾರೆ. ಎಲೆಯ ನಡುವೆ ಬೇರೆ ಮನೆಯ ಅಡುಗೆ ಬಂದರೆ ಅದು ನನ್ನ ಊಟವಾಗಿ ಉಳಿಯುವುದಿಲ್ಲ.

ನಿಮ್ಮ ಮಗಳು,
ನಿಶ್ಮಿತಾ

—

ಹೇವರ್ಡ್
2 ಮೇ 2024

ಮಗಾ ನಿಶ್ಮಿತಾ,

ನಿನ್ನ ಪತ್ರವನ್ನು ಇವರು ಊಟದ ಮೇಜಿನ ಮೇಲೆ ಬಿಟ್ಟು ಹೋಗಿದ್ದರು. ನಾನು ಓದಲಿ ಎಂದೇ ಬಿಟ್ಟದ್ದು, ಇಲ್ಲದಿದ್ದರೆ ಜೇಬಿನಲ್ಲಿ ಇಟ್ಟುಕೊಳ್ಳುತ್ತಾರೆ.

ಮೆಣಸಿಲ್ಲದ ಮಾಂಸ ಎಲ್ಲಿದೆ ಎಂದು ಕೇಳಿದ್ದಿ. ನೀನು ಮದುವೆಯಾಗಿಲ್ಲ, ಹೆತ್ತಿಲ್ಲ, ನಿನಗೆ ಹೇಗೆ ಗೊತ್ತಾಗಬೇಕು! ಬಾಣಂತಿಗೆ ಎಂತ ಕೊಡುತ್ತಾರೆ? ನೀನು ಹುಟ್ಟಿದಾಗ ನನ್ನ ಅಮ್ಮ ಆಡಿನ ಮಾಂಸಕ್ಕೆ ಕಾಳುಮೆಣಸು, ಜೀರಿಗೆ, ಬೆಳ್ಳುಳ್ಳಿ ಅರೆದು ಹಾಕಿ, ಮಣ್ಣಿನ ಅಳಗೆಯಲ್ಲಿ ಸಣ್ಣ ಬೆಂಕಿಯ ಮೇಲೆ ಬೇಯಿಸಿ, ಕೊನೆಗೆ ಮೇಲಿನಿಂದ ತುಪ್ಪ ಸುರಿದು ಕೊಡುತ್ತಿದ್ದರು. ಕೆಂಪು ಮೆಣಸು ಇಲ್ಲ, ಹುಣಸೆ ಇಲ್ಲ, ತೆಂಗಿನಕಾಯಿಯೂ ಇಲ್ಲ. ಮೂಳೆಯ ಹತ್ತಿರದ ಮಾಂಸವೇ ಆಗಬೇಕು. ಕಾಳುಮೆಣಸನ್ನು ಮೊದಲು ಎಣ್ಣೆ ಹಾಕದೆ ಹುರಿ, ಇಲ್ಲದಿದ್ದರೆ ಗಂಟಲು ಹಿಡಿಯುತ್ತದೆ. ಬೆಳ್ಳುಳ್ಳಿ ಕಂಜೂಸು ಮಾಡಬೇಡ. ಅಕ್ಕಿಯ ಪುಂಡಿ ಉಂಡೆಯ ಜೊತೆ ಕೊಡು.

ಇದನ್ನು ಗಂಡಸರಿಗೆ ಬಡಿಸುವ ಕ್ರಮ ಇಲ್ಲ. ಒಳಗಿನ ಕೋಣೆಯಲ್ಲಿ ಬಾಣಂತಿಗೆ ಮಾತ್ರ. ಇವರು ಆಗ ಬಾಗಿಲಿನ ಹೊರಗೆ ನಿಂತು "ವಾಸನೆ ಎಂತದ್ದು ಮಾರಾಯ್ತಿ?" ಎಂದು ನನ್ನನ್ನು ಕೇಳಿದ್ದರು. ನನ್ನ ಅಮ್ಮ ಒಂದು ತುಂಡು ಕೂಡ ಕೊಡಲಿಲ್ಲ.

ಈಗ ಇಷ್ಟು ಬರೆದು ನಗು ಬರುತ್ತಿದೆ. ಬಾಣಂತಿ ಊಟಕ್ಕೆ ಫ್ರಾನ್ಸಿನ ವೈನು!

ನಿನ್ನ ಅಮ್ಮ,
ಪ್ರಫುಲ್ಲಾ

—

ಕ್ಯಾಂಪ್‌ಬೆಲ್
16 ಮೇ 2024

ಅಪ್ಪ, ಅಮ್ಮ, ಇಬ್ಬರಿಗೂ,

ಆಯಿತು! ಆಯಿತು! ಆಯಿತು!

ಅಮ್ಮ ಬರೆದ ಹಾಗೆಯೇ ಮಾಡಿದೆ. ಮಣ್ಣಿನ ಅಳಗೆ ಸಿಗಲಿಲ್ಲ, ದಪ್ಪ ತಳದ ಪಾತ್ರೆಯಲ್ಲಿ ಬೇಯಿಸಿದೆ. ಬೋರ್ಡೋವನ್ನು ಒಂದು ಗಂಟೆ ಮೊದಲೇ ಗಾಜಿನ ಹೂಜಿಗೆ ಸುರಿದು ಗಾಳಿಗೆ ಇಟ್ಟೆ. ಮೊದಲು ಒಂದು ತುತ್ತು ಮಾಂಸ, ಆಮೇಲೆ ಒಂದು ಗುಟುಕು. ಒಗರು ಎಲ್ಲಿ ಹೋಯಿತೋ ಗೊತ್ತಿಲ್ಲ. ತುಪ್ಪ ಅದನ್ನು ನುಂಗಿತು. ಕಾಳುಮೆಣಸು ಮಾಂಸದಿಂದ ಹೊರಟು ವೈನಿನೊಳಗೆ ನಡೆದುಕೊಂಡು ಹೋದ ಹಾಗೆ ಆಯಿತು. ಗಾರ್ಗಿ ಅಕ್ಕ ತಟ್ಟೆಯ ತುಪ್ಪವನ್ನು ಪುಂಡಿಯಿಂದ ಒರೆಸಿ ತಿಂದರು. ಆಮೇಲೆ, "ಯಾವ್ ಡಿಶ್ ಇದು? ಇಷ್ಟ್ ದಿನ ಯಾಕ್ ಮುಚ್ಚಿಟ್ಟಿದ್ದೆ?" ಎಂದರು. ಬಾಣಂತಿ ಊಟ ಎಂದೆ. "ಹಾಗಾದ್ರೆ ನಾನು ಇವತ್ತು ಹೆತ್ತೆ ಅನ್ಕೋ," ಎಂದರು.

ಅಪ್ಪ, ಇನ್ನೊಂದು ಸಲ ಕೇಳುತ್ತೇನೆ. ಕುಳಿತು ಉಣ್ಣಲು ಬೇಡ. ಬಡಿಸಲು ಬನ್ನಿ. ಇಲ್ಲಿಯ ಹುಡುಗರಿಗೆ ಪಂಕ್ತಿ ಗೊತ್ತಿಲ್ಲ. ನಿಮ್ಮ ಹಾಗೆ ಬಡಿಸುವವರು ಈ ಕಡೆ ಯಾರೂ ಇಲ್ಲ.

ನಿಮ್ಮ ಮಗಳು,
ನಿಶ್ಮಿತಾ

—

ಹೇವರ್ಡ್
25 ಮೇ 2024

ನಿಶ್ಮಿತಾ,

ಅಡುಗೆ ಸರಿಬಂದದ್ದು ಒಳ್ಳೆಯದಾಯಿತು.

ನಿನ್ನ ಅಜ್ಜ ಕಳ್ಳು ಇಳಿಸುವ ಮೂರ್ತೆ ಕೆಲಸ ಬಿಟ್ಟದ್ದು ಏಕೆ ಎಂದು ನಾನು ನಿನಗೆ ಹೇಳಿರಲಿಲ್ಲ. ಮರ್ಯಾದೆಗೆ ಬಿಟ್ಟದ್ದು ಎಂದು ನೀನು ತಿಳಿದಿರಬಹುದು. ಹಾಗಲ್ಲ. ನಮ್ಮ ನೆರೆಮನೆಯವನು ಕುಡಿದು ಬಂದು ಹೆಂಡತಿಯ ಅನ್ನದ ಮಡಕೆಯನ್ನು ಅಂಗಳಕ್ಕೆ ಎಸೆಯುತ್ತಿದ್ದ. ಒಂದು ಸಂಜೆ ಆಕೆ ನಮ್ಮ ಜಗಲಿಗೆ ಬಂದು ಅಜ್ಜನಿಗೆ, "ನೀವು ಇಳಿಸಿದ್ದೇ ಅಲ್ಲವಾ?" ಎಂದಳು. ಅಷ್ಟೇ ಹೇಳಿದ್ದು. ಮರುದಿನ ಅಜ್ಜ ಮರ ಹತ್ತಲಿಲ್ಲ. ಹಂಚಿನ ಕಾರ್ಖಾನೆಗೆ ಹೋಗಿ ಮಣ್ಣು ಹೊತ್ತರು. ನಾನು ಆಗ ಸಣ್ಣವನು, ಜಗಲಿಯಲ್ಲೇ ಇದ್ದೆ. ಎಂದೂ ಮುಟ್ಟುವುದಿಲ್ಲ ಎಂದು ಅವರಿಗೆ ಮಾತು ಕೊಟ್ಟಿದ್ದೇನೆ.

ಕುಡಿಯುವವರ ಪಂಕ್ತಿಗೆ ನಾನು ಬಡಿಸುವುದಿಲ್ಲ. ಇನ್ನು ಕೇಳಬೇಡ.

ಜಯರಾಮ

—

ಕ್ಯಾಂಪ್‌ಬೆಲ್
3 ಜೂನ್ 2024

ಅಪ್ಪನಿಗೆ,

ನನಗೆ ಇದು ಗೊತ್ತಿರಲಿಲ್ಲ. ಹೇಳಿದ್ದು ಒಳ್ಳೆಯದಾಯಿತು. ಇನ್ನು ಕೇಳುವುದಿಲ್ಲ.

ನಮ್ಮ ಊಟದಲ್ಲಿ ಒಬ್ಬರಿಗೆ ಒಂದು ಪದಾರ್ಥಕ್ಕೆ ಎರಡು ಗುಟುಕಿನಷ್ಟೇ ವೈನು ಹಾಕುವುದು. ಅನ್ನದ ಜೊತೆ ಸಾರು ಹೇಗೋ ಹಾಗೆ. ನಿಮ್ಮನ್ನು ಒಪ್ಪಿಸಲು ಬರೆಯುತ್ತಿಲ್ಲ, ಅಲ್ಲಿ ನಡೆಯುವುದು ಅಷ್ಟೇ ಎಂದು ನಿಮಗೆ ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ.

ಜಾಗ ಪೂರ್ತಿ ತುಂಬಿದೆ. ಸಂಘದ ಕಾರ್ಯದರ್ಶಿ ಜಗನ್ ಮಾಮನೂ ನಾಲ್ಕು ಜನರಿಗೆ ಬುಕ್ ಮಾಡಿದ್ದಾರೆ. ನನ್ನ ಊಟ ಎಂದು ಅವರಿಗೆ ಗೊತ್ತಿಲ್ಲ.

ಬಡಿಸುವ ಹುಡುಗರಿಗೆ ಕಲಿಸಿ ನೋಡಿದೆ, ಕೈಗೆ ಹತ್ತಲಿಲ್ಲ. ಹಾಗಾಗಿ ರೊಟ್ಟಿಯ ಮೇಲೆ ಗಸಿಯನ್ನು ಅಡುಗೆಮನೆಯಲ್ಲೇ ಸುರಿದು ಎಲೆಯ ಸಮೇತ ತಂದಿಡುವುದು ಎಂದು ಗಾರ್ಗಿ ಅಕ್ಕ ತೀರ್ಮಾನ ಮಾಡಿದ್ದಾರೆ. ಮೇಜಿಗೆ ಬರುವಾಗ ಸ್ವಲ್ಪ ನೆನೆದಿರುತ್ತದೆ. ಬೇರೆ ದಾರಿ ಇಲ್ಲ.

ನಿಮ್ಮ ಮಗಳು,
ನಿಶ್ಮಿತಾ

—

ಕ್ಯಾಂಪ್‌ಬೆಲ್
11 ಜೂನ್ 2024

ಅಮ್ಮನಿಗೆ,

ಮೊಣಕಾಲಿನ ದೆಸೆಯಿಂದ ನಿನಗೆ ಬರಲಾಗಲಿಲ್ಲ. ಅಪ್ಪ ಮನೆಗೆ ಬಂದು ನಿನಗೆ ಏನೂ ಹೇಳಿರಲಿಕ್ಕಿಲ್ಲ. ನಾನೇ ಹೇಳುತ್ತೇನೆ.

ಸಂಜೆ ಐದು ಗಂಟೆಗೆ ಹಿಂಬಾಗಿಲು ಬಡಿದ ಸದ್ದಾಯಿತು. ತೆರೆದರೆ ಅಪ್ಪ. ಬಿಳಿ ಮುಂಡು, ಬಿಳಿ ಶರ್ಟು, ಹೆಗಲಲ್ಲಿ ಬೈರಾಸು ಟವೆಲು, ಎರಡೂ ಕೈಯಲ್ಲಿ ಸಂಘದ ಸ್ಟೀಲ್ ಬಕೆಟುಗಳು. ನನ್ನ ಮುಖವನ್ನೂ ನೋಡದೆ, "ಗಸಿ ಸುರಿದಾಯಿತಾ?" ಎಂದು ಕೇಳಿದರು.

"ಇಲ್ಲ."

"ಸುರಿಯಬೇಡ," ಎಂದು ಸೀದಾ ಒಳಗೆ ಬಂದರು.

ಆಮೇಲೆ ಒಂದು ಗಂಟೆ ಬಡಿಸುವ ಹುಡುಗರನ್ನು ಖಾಲಿ ಬಕೆಟು ಹಿಡಿಸಿ ಮೇಜುಗಳ ನಡುವೆ ಓಡಾಡಿಸಿದರು. ಸ್ಪ್ಯಾನಿಷ್ ಮಾತಾಡುವ ಆ ಹುಡುಗರಿಗೆ ಕನ್ನಡ ಬರುವುದಿಲ್ಲ, ಅಪ್ಪನಿಗೆ ಅವರ ಭಾಷೆ ಬರುವುದಿಲ್ಲ. "ನೋ ಫೇಸ್. ಹ್ಯಾಂಡ್. ಲುಕ್ ಹ್ಯಾಂಡ್," ಎಂದು ತಾವೇ ಕುಳಿತು, ಉಣ್ಣುವ ಹಾಗೆ ಮಾಡಿ ತೋರಿಸಿದರು. ನನಗೆ ಎರಡು ದಿನದಲ್ಲಿ ಕಲಿಸಲಾಗದ್ದು ಆ ಹುಡುಗರ ಕೈಗೆ ಬಂತು.

ಜನ ಬಂದರು. ಮೀನು ಹೋಯಿತು, ಪುನರ್ಪುಳಿ ಹೋಯಿತು. ರೊಟ್ಟಿ ಮುರಿಯುವ ಸದ್ದು ಇಡೀ ಹಾಲ್‌ನಲ್ಲಿ ಕೇಳಿತು. ಅಪ್ಪ ಗಸಿಯ ಬಕೆಟು ಹಿಡಿದು ಹೊರಟರು, ಹಿಂದಿನಿಂದ ನಾನು ಬೊಜೊಲೆ ಹಿಡಿದು ಹೊರಟೆ. ಜಗನ್ ಮಾಮ ನಮ್ಮಿಬ್ಬರನ್ನೂ ನೋಡಿ ಜೋರಾಗಿ, "ಜಯರಾಮಣ್ಣ! ನೀವೆಂತ ಇಲ್ಲಿ? ಮಗಳು ಹೋಟೆಲ್ ಲೈನು ಅಂದಿದ್ರಿ. ಇದಾ ಆ ಲೈನು?" ಎಂದರು. ಅವರ ಮೇಜಿನವರೆಲ್ಲ ನನ್ನ ಬಾಟಲಿಯ ಕಡೆ ತಿರುಗಿದರು.

ಅಪ್ಪ ಸೌಟು ಎತ್ತಿ ಅವರ ರೊಟ್ಟಿಗೆ ಗಸಿ ಹಾಕಿದರು. "ಹೌದು. ಯಾವ ಊಟಕ್ಕೆ ಯಾವ ವೈನು ಅಂತ ಆರಿಸುವುದು ಇವಳ ಕೆಲಸ. ಈ ಊಟ ಇವಳದ್ದು. ಬಾಟ್ಲಿ ಇವಳದ್ದು, ಬಕೆಟ್ ನನ್ನದು. ನೀನು ತಿನ್ನು ಮಾರಾಯ, ನೆನೆಯುತ್ತದೆ."

ಜಗನ್ ಮಾಮ ತಿಂದರು. ಕುಡಿದರು. ಆಮೇಲೆ ಅವರ ಬಾಯಿಗೆ ಪುರುಸೊತ್ತು ಇರಲಿಲ್ಲ.

ಬಾಣಂತಿ ಮಾಂಸದ ಜೊತೆ ಬೋರ್ಡೋ ಹೊರಟಿತು. ನನಗೆ ಹೆದರಿಕೆಯಾಯಿತು. ಕೈಗಳನ್ನು ನೋಡಿದೆ. ಯಾವುದೂ ನಿಂತಿರಲಿಲ್ಲ. ಒಬ್ಬರು ಅಮೆರಿಕದವರು ಇದೇನು ಅಡುಗೆ ಎಂದು ಅಪ್ಪನನ್ನೇ ಕೇಳಿದರು. ಅಪ್ಪ, "ಫಾರ್ ಮದರ್. ಆಫ್ಟರ್ ಬೇಬಿ," ಎಂದರು. ನಮ್ಮ ಕಡೆಯ ಹೆಂಗಸರೆಲ್ಲ ಹೋ ಎಂದು ನಕ್ಕರು. ಅವರಲ್ಲಿ ಒಬ್ಬ ಅಜ್ಜಿ, ಎಂಬತ್ತು ದಾಟಿದವರು, ಎಲೆ ತೋರಿಸಿ, "ಮೂರು ಹೆತ್ತಿದ್ದೇನೆ ಮಾರಾಯ, ಮೂರೂ ಸಲ ಇದೇ ರುಚಿ. ಇನ್ನೊಂದು ಸೌಟು ಹಾಕು. ಈ ಕೆಂಪು ನೀರು ಆಗ ಯಾರೂ ಕೊಟ್ಟಿರಲಿಲ್ಲ," ಎಂದರು. ಕೂತಲ್ಲೇ ಎಲ್ಲರೂ ಚಪ್ಪಾಳೆ ತಟ್ಟಿದರು.

ಕೊನೆಗೆ ಗಾರ್ಗಿ ಅಕ್ಕ ಎಲ್ಲರ ಎದುರು ನನ್ನ ಹೆಸರು ಹೇಳಿ, ಇವತ್ತಿನಿಂದ ಇಲ್ಲಿಯ ವೈನು ಇವಳ ಮಾತಿನಂತೆ ಎಂದರು. ಅಪ್ಪನ ಕಡೆ ತಿರುಗಿ, "ಅಂಕಲ್, ಪ್ರತಿ ಮಂಡೇ ಬರ್ತೀರಾ?" ಎಂದು ಕೇಳಿದರು.

"ನಾನು ಬರುವುದಿಲ್ಲ," ಎಂದರು ಅಪ್ಪ. ಎಲ್ಲರೂ ಮತ್ತೆ ನಕ್ಕರು. ಅವರು ನಗಲಿಲ್ಲ. ಬಕೆಟು ತೊಳೆದು, ಕವುಚಿ ಒಣಗಿಸಿ, ಬಾಣಂತಿ ಮಾಂಸವನ್ನು ಒಂದು ಡಬ್ಬಿಯಲ್ಲಿ ಹಾಕಿಕೊಂಡು ಹೊರಟರು. ನಿನಗೆ ಎಂದುಕೊಂಡೆ. ನಿನಗೆ ತಲುಪಿತೋ, ಫ್ರೀವೇ ಹತ್ತುವ ಮೊದಲೇ ಅವರೇ ತಿಂದರೋ, ಬರೆ.

ನಿನ್ನ
ನಿಶ್ಮಿತಾ

—

ಹೇವರ್ಡ್
30 ಜೂನ್ 2024

ನಿಶ್ಮಿತಾ,

ಡಬ್ಬಿಯಲ್ಲಿ ಅರ್ಧ ಅಮ್ಮನಿಗೆ ಕೊಟ್ಟಿದ್ದೇನೆ.

ನಾನು ನನ್ನ ಅಪ್ಪನಿಗೆ ಕೊಟ್ಟ ಮಾತು ಬದಲಾಗಿಲ್ಲ, ಬದಲಾಗುವುದೂ ಇಲ್ಲ. ಆದರೆ ಆ ದಿನ ಒಬ್ಬನು ಎರಡನೆಯ ಸಲ ಗ್ಲಾಸು ಚಾಚಿದಾಗ ನೀನು ಬಾಟಲಿಯನ್ನು ಹಿಂದೆ ತೆಗೆದುಕೊಂಡು, ಊಟ ಮುಗಿಸಿ ಎಂದು ನೀರು ಹಾಕಿದ್ದನ್ನು ನಾನು ಮೂಲೆಯಿಂದ ನೋಡಿದೆ. ಅವನು ಸಿಟ್ಟಾಗದೆ ಉಂಡ. ನಮ್ಮ ಜಗಲಿಗೆ ಬಂದ ಆ ಹೆಂಗಸು ಅಲ್ಲಿ ಇದ್ದಿದ್ದರೆ ನಿನ್ನನ್ನು ಏನೂ ಕೇಳುತ್ತಿರಲಿಲ್ಲ.

ಕಳೆದ ಭಾನುವಾರ ಸಂಘದ ಮೀಟಿಂಗು ಇತ್ತು. ಮಗಳು ಏನು ಮಾಡುತ್ತಾಳೆ ಎಂದು ಹೊಸದಾಗಿ ಬಂದ ಒಬ್ಬರು ಕೇಳಿದರು. ನಾನು ಪೂರ್ತಿ ಹೇಳಿದೆ. ಫ್ರಾನ್ಸಿನ ಊರುಗಳ ಹೆಸರು ಕೂಡ ಹೇಳಿದೆ, ಒಂದು ತಪ್ಪಿತು, ಜಗನ್ ತಿದ್ದಿದ.

ಆಗಸ್ಟಿನಲ್ಲಿ ಮಿಲ್ಪಿಟಾಸ್‌ನ ಹಾಲ್‌ನಲ್ಲಿ ಸಂಘದ ವರ್ಷದ ಊಟ ಉಂಟು. ಮುನ್ನೂರು ಎಲೆ. ಪುನರ್ಪುಳಿ, ಮಜ್ಜಿಗೆ ಬಿಟ್ಟು ಕುಡಿಯಲಿಕ್ಕೆ ಬೇರೆ ಏನೂ ಇಲ್ಲ. ಬಡಿಸುವ ಸಾಲಿನಲ್ಲಿ ಇಷ್ಟು ವರ್ಷ ಹೆಂಗಸರನ್ನು ನಿಲ್ಲಿಸಿದ್ದಿಲ್ಲ. ಆ ಕ್ರಮ ಮಾಡಿದವನು ನಾನೇ, ಹಾಗಾಗಿ ಮುರಿಯುವವನೂ ನಾನೇ. ಕಮಿಟಿಯಲ್ಲಿ ಹೇಳಿ ಆಗಿದೆ. ಇಬ್ಬರು ಗೊಣಗಿದರು, ಗೊಣಗಲಿ.

ಸಾಲಿನಲ್ಲಿ ಮುಂದೆ ಹೋಗುವವನು ನಡೆದ ಹಾಗೆ ಹಿಂದಿನ ಹನ್ನೆರಡು ಜನ ನಡೆಯಬೇಕಾಗುತ್ತದೆ. ಈ ವರ್ಷ ಮುಂದೆ ನೀನು ಹೋಗು. ನಿನ್ನ ಹಿಂದೆ ನಾನು ಬರುತ್ತೇನೆ.

ನಿನ್ನ ಅಪ್ಪ,
ಜಯರಾಮ